ನಮ್ಮ ಬಿಲ್ಡಿಂಗಿಗೆ ಬಂದ ಗುಪ್ತಚರ

ಈ ಸಂಗತಿಯನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಕನ್ನಡಕದ ಕಡ್ಡಿ ಮುರಿದಿದೆ ಎಂದೆ. ಕಡ್ಡಿ ಹಾಕಿಸಿಕೊಂಡು ಬರುವಷ್ಟರಲ್ಲಿ ಗಣಪತಿ ಹಬ್ಬ ಬಂತು. ಪುಣೆಯಲ್ಲಿ ಗಣಪತಿ ಕೂತ ಮೇಲೆ ಢೋಲು ತಾಶೆಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಇನ್ನು ಒಳಮನಸ್ಸಿನ ಮಾತು ಎಲ್ಲಿ ಕೇಳಬೇಕು ಎಂದು ಸಮಾಧಾನ ಮಾಡಿಕೊಂಡೆ. ಗಣಪತಿಯೂ ನೀರಿಗೆ ಹೋದ, ದೀಪಾವಳಿಯ ಚಕ್ಕುಲಿಯೂ ಮುಗಿಯಿತು. ಈಗ ನೆಪವೊಂದೂ ಉಳಿದಿಲ್ಲ. ತಪ್ಪು ಮಾಡುವಾಗ ಮಾತ್ರ ನಾನು ಹೀಗೆ ತಡ ಮಾಡಿರಲಿಲ್ಲ. ಅದು ಒಂದು ಕಪ್ ಚಹಾ ಆರುವುದರೊಳಗೆ ಮುಗಿದುಹೋಗಿತ್ತು.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ದುಡಿದದ್ದು ಖಡಕಿಯಲ್ಲಿ, ಸೈನ್ಯಕ್ಕೆ ಸಾಮಾನು ಕಳಿಸುವ ಕಡೆ. ಹಾಗೆಂದರೆ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಕೆಲಸ ಕಟ್ಟಿಗೆಯ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು. ಪೆಟ್ಟಿಗೆಯೊಳಗೆ ಏನು ಹೋಗುತ್ತಿತ್ತೋ ನಿವೃತ್ತನಾಗುವವರೆಗೂ ನನಗೆ ಗೊತ್ತಾಗಲಿಲ್ಲ. ಆದರೆ ಊರಿಗೆ ಹೋದಾಗ ಯಾರಾದರೂ ಕೇಳಿದರೆ, ಅದನ್ನೆಲ್ಲ ಹೇಳುವಂತಿಲ್ಲ ಎಂದು ಗಂಭೀರವಾಗಿ ಆಕಾಶದ ಕಡೆ ನೋಡುತ್ತಿದ್ದೆ. ನೆಂಟರು ನನ್ನನ್ನು ದೇಶದ ಗುಟ್ಟು ಕಾಯುವವನೆಂದು ತಿಳಿದು ಎರಡನೆಯ ಸಲ ತುಪ್ಪ ಬಡಿಸುತ್ತಿದ್ದರು. ಒಂದೂ ಗುಟ್ಟಿಲ್ಲದ ಮನುಷ್ಯ ಹೀಗೆ ಗುಟ್ಟಿನ ಗತ್ತಿನಲ್ಲೇ ಆಯುಷ್ಯ ಕಳೆದ.

ನಿವೃತ್ತಿಯ ನಂತರ ಆ ಗತ್ತನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆಗ ನಮ್ಮ ಕನ್ನಡದವರ ಸಂಘದ ಕಪಾಟಿನಲ್ಲಿ ಒಂದು ಬಗೆಯ ಕಾದಂಬರಿಗಳು ಸಿಕ್ಕವು. ಎಲ್ಲದರ ಕಥೆಯೂ ಹೆಚ್ಚುಕಡಿಮೆ ಒಂದೇ. ಒಂದು ಒಳ್ಳೆಯ ಕುಟುಂಬದ ಮೇಲೆ ಯಾರೋ ದುಷ್ಟರು ಕಣ್ಣಿಟ್ಟಿರುತ್ತಾರೆ. ಅವರನ್ನು ಕಾಪಾಡಲು ಗುಪ್ತಚರ ಅಧಿಕಾರಿಯೊಬ್ಬ ಡ್ರೈವರನಾಗಿಯೋ ಮಾಲಿಯಾಗಿಯೋ ವೇಷ ಮರೆಸಿಕೊಂಡು ಬರುತ್ತಾನೆ. ಮನೆಯ ಮಗಳು ಮೊದಲು ಅವನ ಮೇಲೆ ಸಿಡುಕುತ್ತಾಳೆ. ಆಮೇಲೆ ಅವನ ತೋಳಿಗೆ ಗುಂಡು ತಾಗಿದಾಗ ಸೆರಗು ಹರಿದು ಕಟ್ಟುತ್ತಾಳೆ. ಗುಂಡು ಯಾವಾಗಲೂ ಎಡತೋಳಿಗೇ ತಾಗುತ್ತದೆ. ಬಲತೋಳಿಗೆ ತಾಗಿದ ಅಧಿಕಾರಿಯನ್ನು ನಾನಿನ್ನೂ ಕಂಡಿಲ್ಲ. ನಮ್ಮ ಮನೆಯವಳಿಗೆ ಒಮ್ಮೆ ಈ ಭಾಗವನ್ನು ಓದಿ ಹೇಳಿದೆ. ಅವಳು ಮೆಂತ್ಯೆ ಸೋಸುತ್ತ, "ಆ ಹುಡುಗಿಗೆ ಮನ್ಯಾಗ ಒಂದು ಹಳೇ ಟಾವೆಲ್ ಸಿಗಲಿಲ್ಲೇನ್ರಿ?" ಎಂದಳು. ಅಂದಿನಿಂದ ನಾನು ಮನಸ್ಸಿನಲ್ಲೇ ಓದುತ್ತೇನೆ. ಸಂಘದ ಪುಸ್ತಕಗಳಿಗೆ ಇನ್ನೊಂದು ಗುಣವಿದೆ. ಹತ್ತು ಕೈ ದಾಟಿ ಬಂದ ಅವುಗಳಲ್ಲಿ ಕೊನೆಯ ಪುಟಗಳೇ ಇರುವುದಿಲ್ಲ. ಹಾಗಾಗಿ ಮುಂದೇನಾಯಿತೆಂದು ನಾನೇ ಜೋಡಿಸಿಕೊಳ್ಳುವುದು ರೂಢಿಯಾಯಿತು. ಕಾಲು ಭಾಗ ಕಂಡರೆ ಸಾಕು, ಉಳಿದ ಮುಕ್ಕಾಲನ್ನು ಹುಟ್ಟಿಸುವಷ್ಟು ಪಳಗಿದ್ದೆ.

ಧನಕವಡಿಯ ನಮ್ಮ ಬಿಲ್ಡಿಂಗಿನ ಗೇಟಿನ ಬಳಿ ಒಂದು ಸಿಮೆಂಟಿನ ಬೆಂಚಿದೆ. ನನ್ನಂಥ ಮುದುಕರಿಗೆ ಅದೇ ಕಚೇರಿ, ಅದೇ ದರ್ಬಾರು. ನಮ್ಮ ಮನೆ ಅದರ ಮೇಲೆಯೇ, ಮೊದಲನೇ ಮಹಡಿಯಲ್ಲಿ. ಮೂರನೇ ಮಹಡಿಯಲ್ಲಿ ನಮ್ಮ ಕಡೆಯವರೇ ಆದ ಶರಣಪ್ಪ, ಅವನ ಹೆಂಡತಿ ನೀಲವ್ವ, ಮಗಳು ಅಂಬಿಕಾ. ಅಂಬಿಕಾ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಕೆಲಸ ಮಾಡುತ್ತಾಳೆ. ಎರಡೂ ಮನೆಗಳ ನಡುವೆ ಒಂದು ಸ್ಟೀಲಿನ ಡಬ್ಬಿ ಓಡಾಡುತ್ತಿತ್ತು. ಇಲ್ಲಿಂದ ಶೇಂಗಾ ಹಿಂಡಿ ಹೋದರೆ ಅಲ್ಲಿಂದ ಕರಿಗಡಬು ಬರುತ್ತಿತ್ತು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸುತ್ತಾರೆ.

ಒಂದು ದಿನ ಬೆಂಚಿನ ಎದುರಿನ ಚಹಾದ ಅಂಗಡಿಯಲ್ಲಿ ಕಪ್ಪು ಕನ್ನಡಕದ ಒಬ್ಬರು ಕಾಣಿಸಿಕೊಂಡರು. ಮರುದಿನವೂ ಬಂದರು. ಬಾಡಿಗೆಗೆ ಫ್ಲ್ಯಾಟ್ ನೋಡುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದರು, ಆದರೆ ಒಂದು ಫ್ಲ್ಯಾಟಿನೊಳಗೂ ಕಾಲಿಡಲಿಲ್ಲ. ಕನ್ನಡಕವನ್ನು ನೆರಳಿನಲ್ಲಿಯೂ ತೆಗೆಯಲಿಲ್ಲ. ಅವರ ಮುಖ ಆಗಾಗ ಮೂರನೇ ಮಹಡಿಯ ಕಡೆ ಏಳುತ್ತಿತ್ತು. ಗುಪ್ತಚರ ಅಧಿಕಾರಿಯೇ ಸೈ ಎಂದುಕೊಂಡೆ. ಒಂದೇ ಅಡ್ಡಿ ಎಂದರೆ ಅವರ ಹೊಟ್ಟೆ. ಕಾದಂಬರಿಯ ಅಧಿಕಾರಿಗಳಿಗೆ ಅಂಥ ಹೊಟ್ಟೆ ಇರುವುದಿಲ್ಲ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅದೂ ಬಗೆಹರಿಯಿತು: ದಿಂಬು ಕಟ್ಟಿಕೊಂಡಿದ್ದಾರೆ. ವಯಸ್ಸೂ ಬಣ್ಣ ಬಳಿದುಕೊಂಡದ್ದೇ ಇರಬೇಕು. ಅದನ್ನು ಒರೆಸಿಬಿಟ್ಟರೆ ಅಂಬಿಕಾಳಿಗೆ ತಕ್ಕ ಜೋಡಿ ಎಂದು ಅಲ್ಲಿಯೇ ಕೂತು ಲಗ್ನವನ್ನೂ ನಿಶ್ಚಯಿಸಿದೆ.

ಮೂರನೆಯ ದಿನ ಅವರು ತಾವಾಗಿಯೇ ಬಂದು ಬೆಂಚಿನಲ್ಲಿ ಕೂತರು. ಮರಾಠಿಯಲ್ಲಿ ಮಾತು ಶುರುಮಾಡಿ, ನಾನು ನಮ್ಮವಳೊಡನೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದರು. ನಾಲ್ಕೈದು ಭಾಷೆಯ ತರಬೇತಿ ಆಗಿದೆ ಎಂದುಕೊಂಡೆ. ನನಗೆ ಒಂದು ಚಹಾ ತರಿಸಿ, ಮೂರನೇ ಮಾಳಿಗೆಯವರು ಎಂಥ ಜನ, ಹುಡುಗಿ ಮನೆಗೆ ಬರುವುದು ಎಷ್ಟು ಹೊತ್ತಿಗೆ, ಮನೆಗೆ ಯಾರು ಬಂದು ಹೋಗುತ್ತಾರೆ ಎಂದು ಕೇಳತೊಡಗಿದರು. ಇನ್ನು ಸುಮ್ಮನಿರುವುದು ದೇಶದ್ರೋಹ ಎನ್ನಿಸಿತು. ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದೆ: "ಸಾಹೇಬ್ರ, ನೀವು ಯಾರು, ಯಾಕ ಬಂದೀರಿ, ನಾ ಕೇಳೂದಿಲ್ಲ. ನನಗ ಗೊತ್ತಾಗ್ಯದ."

ಅವರು ಬೆಚ್ಚಿದರು. "ಗೊತ್ತಾತೇನ್ರಿ? ಅವ್ರ ಮುಂದ ಮತ್ತ ಹೇಳಬ್ಯಾಡ್ರಿ."

"ಈ ಬಾಯಾಗಿಂದ ಒಂದಕ್ಷರ ಹೊರಗ ಬರೂದಿಲ್ರಿ," ಎಂದೆ. ಎಂದವನೇ ಎಲ್ಲವನ್ನೂ ಹೇಳಿದೆ.

ಅಂಬಿಕಾಳನ್ನು ಒಬ್ಬ ಹೆಲ್ಮೆಟ್ಟಿನವನು ಮೋಟಾರ್ ಸೈಕಲ್ ಮೇಲೆ ತಂದು ಬಿಡುವುದನ್ನು ನಾನು ನೋಡಿದ್ದೆ. ಗೇಟಿಗೆ ಬರುವುದಿಲ್ಲ, ಬೇಕರಿಯ ಮೂಲೆಯಲ್ಲೇ ನಿಲ್ಲುತ್ತಾನೆ, ಹೆಲ್ಮೆಟ್ ತೆಗೆಯುವುದಿಲ್ಲ. ಅವಳು ಇಳಿದು ಆಚೆ ಈಚೆ ನೋಡಿ ಬರುತ್ತಾಳೆ. ನಾನು ಕಂಡದ್ದು ಇಷ್ಟೇ. ಉಳಿದ ಪುಟಗಳನ್ನು ರೂಢಿಯಂತೆ ನಾನೇ ಕೂಡಿಸಿದೆ. ಹುಡುಗಿ ಯಾವುದೋ ಒತ್ತಾಯಕ್ಕೆ ಸಿಕ್ಕಂತಿದೆ, ಈಚೆಗೆ ಸೊರಗಿದ್ದಾಳೆ, ಆ ಹುಡುಗನ ಲಕ್ಷಣ ಒಳ್ಳೆಯದಲ್ಲ ಎಂದೆ. ಹೆಲ್ಮೆಟ್ಟಿನ ಮೇಲಿಂದಲೇ ಲಕ್ಷಣ ಕಂಡ ಪುಣ್ಯಾತ್ಮ ನಾನು. ಕೊನೆಗೆ, "ಅವನ್ನ ಸ್ವಲ್ಪ ನೋಡ್ಕೋರಿ" ಎಂದೆ. ಅವರು ಹಲ್ಲು ಕಚ್ಚಿಕೊಂಡು, "ನೋಡ್ಕೋತೀವ್ರಿ" ಎಂದು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ರಾತ್ರಿ ಒಂದು ಕುಟುಂಬವನ್ನು ಕಾಪಾಡಿದ ತೃಪ್ತಿಯಲ್ಲಿ ಒಂದು ಭಕ್ರಿ ಹೆಚ್ಚು ತಿಂದೆ.

ಅವರು ಯಾರೆಂಬುದು ನಿಮಗೆ ಆಗಲೇ ಗೊತ್ತಾಗಿರಬೇಕು. ಕಾದಂಬರಿ ಓದದವರಿಗೆ ಇಂಥವು ಬೇಗ ತಿಳಿಯುತ್ತವೆ. ನಮ್ಮಲ್ಲಿ ಹೆಣ್ಣು ತರುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ಗುರುತು ಹೇಳದೆ ಬಂದು ನೆರೆಹೊರೆಯಲ್ಲಿ ಚೌಕಶಿ ಮಾಡಿ, ಹುಡುಗಿ ಎಂಥವಳೆಂದು ತಿಳಿದುಕೊಂಡು ಹೋಗುವ ಪದ್ಧತಿ ಇದೆ. ಅವರು ಸೊಲ್ಲಾಪುರದಿಂದ ಬಂದ, ವರನ ಸೋದರಮಾವ. ಕಪ್ಪು ಕನ್ನಡಕ ಕಣ್ಣಿನ ಪೊರೆಯ ಆಪರೇಶನ್ನಿನದು. ಹೊಟ್ಟೆ ಅವರದೇ. ಅವರು ಹೋದ ವಾರದಲ್ಲೇ ಸೊಲ್ಲಾಪುರದಿಂದ ಶರಣಪ್ಪನಿಗೆ ಫೋನು ಬಂತು. ಯೋಗ ಕೂಡಿಬರಲಿಲ್ಲ, ಹುಡುಗಿ ಯಾರದೋ ಗಾಡಿಯ ಮೇಲೆ ತಿರುಗುತ್ತಾಳೆಂದು ನಿಮ್ಮ ಬಿಲ್ಡಿಂಗಿನವರೇ ಹೇಳಿದರು ಎಂದು ಇಟ್ಟುಬಿಟ್ಟರು. ಅಂಬಿಕಾ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋಗುವಾಗ ಬೆಂಚಿನ ಮುಂದೆ ಹಾದಳು. ದಿನವೂ "ಕಾಕಾ, ಚಹಾ ಆತೇನ್ರಿ?" ಎನ್ನುವ ಹುಡುಗಿ ಅಂದು ನೆಲ ನೋಡುತ್ತ ಹೋದಳು. ಕಣ್ಣು ಬಾತಿದ್ದವು.

ಬಿಲ್ಡಿಂಗಿನವರು ಆ ಬಾಯಿ ಯಾರದೆಂದು ಹುಡುಕತೊಡಗಿದರು, ಹುಡುಕಲು ಹೊತ್ತೇನೂ ಹಿಡಿಯಲಿಲ್ಲ. ಕಪ್ಪು ಕನ್ನಡಕದವರು ಕಾಯಿಪಲ್ಯೆಯ ಗಾಡಿಯ ಹತ್ತಿರ ನಮ್ಮ ಮನೆಯವಳನ್ನು ದಾರಿ ಕೇಳಿದ್ದನ್ನು ನಾಲ್ಕು ಜನ ನೋಡಿದ್ದರು. ಅವಳಿಗೆ ಮೊದಲಿನಿಂದಲೂ ಮಾತಿನ ಮಲ್ಲಿ ಎಂಬ ಹೆಸರು. ನಾನೋ, ಗುಟ್ಟು ಕಾಯುವ ಕಡೆ ಕೆಲಸ ಮಾಡಿದವನು. ಆ ಸಂಜೆ ಮೇಲಿನಿಂದ ನಮ್ಮ ಡಬ್ಬಿ ತಿರುಗಿ ಬಂತು. ತೆಗೆದು ನೋಡಿದರೆ ಖಾಲಿ. ಒಂದು ಚೂರು ಬೆಲ್ಲವೂ ಇರಲಿಲ್ಲ. ನಮ್ಮವಳು ತೊಳೆದಿದ್ದ ಡಬ್ಬಿಯನ್ನೇ ಇನ್ನೊಮ್ಮೆ ತೊಳೆದು ಬೋರಲು ಹಾಕಿದಳು. "ನೀವೇನರ ಯಾರ ಮುಂದರ ಮಾತಾಡಿದ್ರೇನು?" ಎಂದು ಒಂದೇ ಸಲ ಕೇಳಿದಳು. ನಾನ್ಯಾಕ ಮಾತಾಡ್ಲಿ ಎಂದೆ.

ಮುಂದಿನದನ್ನು ಹೆಲ್ಮೆಟ್ಟಿನವನು ನೋಡಿಕೊಂಡ. ಯಾಕೆಂದರೆ ವರ ಅವನೇ ಆಗಿದ್ದ! ಪ್ರಕಾಶ ಎಂದು ಹೆಸರು, ಅದೇ ಕಾರ್ಖಾನೆಯ ಹುಡುಗ. ಇಬ್ಬರೂ ಮೊದಲೇ ಒಪ್ಪಿಕೊಂಡು, ಹಿರಿಯರೇ ಕೂಡಿಸಿದ ಸಂಬಂಧ ಎನ್ನುವಂತೆ ಕಾಣಲಿ ಎಂದು ನೆಂಟರೊಬ್ಬರ ಕೈಯಲ್ಲಿ ಅವಳ ಫೋಟೋವನ್ನು ಅವನ ಮನೆಗೆ ಕಳಿಸಿದ್ದರು. ಫೋಟೋ ನೋಡಿ ಅವನು, "ನೀ ಹ್ಯಾಂಗಂದ್ರ ಹಂಗ, ಅವ್ವಾ" ಎಂದು ತಲೆ ತಗ್ಗಿಸಿದ್ದನಂತೆ. ಗುಪ್ತಚರರೆಂದರೆ ಇವರು. ಈಗ ಹುಡುಗಿಯ ಹೆಸರು ಉಳಿಯಬೇಕಾದರೆ ಆ ಹೆಲ್ಮೆಟ್ಟು ತನ್ನದೆಂದು ಅವ್ವನೆದುರು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ. ಅವ್ವ ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಳಂತೆ. ಅಂತೂ ಮುಂದಿನ ಬೇಸಿಗೆಯಲ್ಲಿ ಲಗ್ನವಾಯಿತು. ಒಬ್ಬ ಇಪ್ಪತ್ತಾರರ ಹುಡುಗ ಒಪ್ಪಿಕೊಂಡದ್ದನ್ನು ನೋಡಿಯೂ ನಾನು ಬುದ್ಧಿ ಕಲಿಯಲಿಲ್ಲ.

ಲಗ್ನದ ಊಟದ ಹೊತ್ತಿಗೆ ಸೋದರಮಾವ ಎದುರಾದರು. ಈ ಸಲ ಕಪ್ಪು ಕನ್ನಡಕವಿರಲಿಲ್ಲ. ನೀಲವ್ವ ಪಕ್ಕದಲ್ಲೇ ಬೀಗರಿಗೆ ಹೋಳಿಗೆ ಬಡಿಸುತ್ತ ನಿಂತಿದ್ದಳು. ಅವರು ಕಣ್ಣು ಕಿರಿದು ಮಾಡಿ, "ನಿಮ್ಮನ್ನ ಎಲ್ಲೋ ನೋಡೀನಲ್ರಿ, ಆವತ್ತು ಕಣ್ಣು ಮಬ್ಬು ಇತ್ತು" ಎಂದರು. ನಾನು ಬಗ್ಗಿ ಎಲೆಯ ಮೇಲಿನ ಉಪ್ಪನ್ನು ಹುಡುಕತೊಡಗಿದೆ. ಅಷ್ಟರಲ್ಲಿ ನಮ್ಮವಳು ನನ್ನ ಮುಂದೆ ಬಂದು ನಿಂತಳು.

"ಅವ್ರನ್ನಲ್ರಿ ಅಣ್ಣಾರ, ನನ್ನ ನೋಡೀರಿ. ಆವತ್ತು ಕಾಯಿಪಲ್ಯೆ ಗಾಡಿ ಹತ್ರ ನಿಮ್ಮ ಜೋಡಿ ಮಾತಾಡಿದಾಕಿ ನಾನ."

ಸೋದರಮಾವ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಲಗ್ನದ ಮನೆಯಲ್ಲಿ ಹಳೆಯ ಮಾತೇಕೆ ಎಂಬಂತೆ ಮುಂದೆ ನಡೆದರು. ನೀಲವ್ವ ಎಲ್ಲವನ್ನೂ ಕೇಳಿದಳು. ಹೋಳಿಗೆಯ ತಟ್ಟೆ ಹಿಡಿದು ಮುಂದಿನ ಸಾಲಿಗೆ ಹೋದಳು. ನಮ್ಮವಳ ಎಲೆಗೆ ಹೋಳಿಗೆ ಬೀಳಲಿಲ್ಲ.

ಮನೆಗೆ ಬರುವಾಗ ರಿಕ್ಷಾದಲ್ಲಿ ನಾನೇ ಮಾತು ತೆಗೆದೆ, ಹಾಗೆ ಯಾಕೆ ಹೇಳಿದೆ ಎಂದು. ಅವಳು ಹೊರಗೆ ನೋಡುತ್ತ, "ಬಾಲ್ಕನ್ಯಾಗ ಬಟ್ಟಿ ಹಾಕಾಕಿಗೆ ಬೆಂಚಿನ ಮ್ಯಾಲಿನ ಮಾತೆಲ್ಲಾ ಕೇಳ್ತಾವ್ರಿ," ಎಂದಳು. ಆಮೇಲೆ, "ನನಗ ಮೊದಲ ಬಾಯಿ ಸಡಲ ಅಂತಾರ. ಅದರಾಗ ಇದೂ ಒಂದು. ನಿಮಗರ ಆ ಬೆಂಚು ಬಿಟ್ರ ಇನ್ನೇನದ?" ಎಂದಳು. ಕಾತ್ರಜ ಬರುವವರೆಗೂ ನಾನು ತುಟಿ ಬಿಚ್ಚಲಿಲ್ಲ. ನನ್ನ ಬಾಯಿಯಿಂದ ಒಂದಕ್ಷರವೂ ಹೊರಬರದ ಹೊತ್ತು ಅದೊಂದೇ ಇರಬೇಕು, ಅದೂ ಬರಬೇಕಾದ ಹೊತ್ತು.

ನಾನು ಈಗಲೂ ಬೆಂಚಿನ ಮೇಲೆ ಕೂಡುತ್ತೇನೆ, ಜನ ಈಗಲೂ ನನ್ನನ್ನು ಮರ್ಯಾದೆಯಿಂದ ಮಾತಾಡಿಸುತ್ತಾರೆ. ಡಬ್ಬಿ ಈಗಲೂ ಬೋರಲಾಗಿಯೇ ಇದೆ. ವೇಷ ಮರೆಸಿಕೊಂಡು ಒಂದು ಕುಟುಂಬ ಕಾಯುವವರನ್ನು ನಾನು ಗೇಟಿನ ಬಳಿ ಹುಡುಕುತ್ತ ಕೂತಿದ್ದೆ. ಅವರು ಮೊದಲನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಈ ಬರಹ ಮುಗಿಸಿ ಮೊದಲು ಮೂರನೇ ಮಹಡಿಗೆ ಹತ್ತಿ, ಆ ಬಾಯಿ ನನ್ನದೆಂದು ನೀಲವ್ವನಿಗೆ ಹೇಳಿ ಬರುತ್ತೇನೆ. ಅದು ಮೆಟ್ಟಿಲಿನ ಕಷ್ಟ, ಅಷ್ಟೇ. ಮನೆಯೊಳಗೆ ಹೇಳಬೇಕಾದದ್ದು ಅದಕ್ಕಿಂತ ಕಷ್ಟದ್ದು. ತಪ್ಪಾಯಿತು ಎನ್ನಬೇಕಾದರೆ ಮೊದಲು ಕರೆಯಬೇಕು. ನಮ್ಮ ಕಾಲದ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. ಇಷ್ಟು ವರ್ಷ "ಕೇಳ್ತೇನು", "ಇಲ್ಲಿ ಬಾ" ಎಂಬುದರಲ್ಲೇ ಸಂಸಾರ ನಡೆಸಿದ್ದೇನೆ. ಈ ಬರಹದಲ್ಲಿಯೂ ನೋಡಿ, ಮನೆಯವಳು, ನಮ್ಮವಳು ಎನ್ನುತ್ತಲೇ ಇಲ್ಲಿಯವರೆಗೆ ಬಂದೆ. ಕಾದಂಬರಿಯ ನಾಯಕರು ಕೊನೆಯ ಪುಟದಲ್ಲಿ ನಾಯಕಿಯನ್ನು ಏನೆಂದು ಕರೆಯುತ್ತಾರೋ ನಾನರಿಯೆ. ನನ್ನ ಪುಸ್ತಕಗಳಲ್ಲಿ ಆ ಪುಟ ಇರುತ್ತಿರಲಿಲ್ಲ. ಆದ್ದರಿಂದ ಅದನ್ನೂ ನಾನೇ ಬರೆಯಬೇಕು. ಅವಳ ಹೆಸರು ಕಸ್ತೂರಿ.