ಹೇಳದೆ ಹೋಗುವವರನ್ನು ಹಿಡಿಯುವ ನಾಯಿ

ಲೋಕದ ನಾಯಿಗಳೆಲ್ಲ ಬರುವವರನ್ನು ತಡೆಯುತ್ತವೆ, ಹೋಗುವವರ ಗೊಡವೆಗೆ ಹೋಗುವುದಿಲ್ಲ. ನಮ್ಮ ಮನೆಯ ನಾಯಿ ಈ ಪಾಠವನ್ನು ತಿರುವುಮುರುವಾಗಿ ಕಲಿತಿತ್ತು. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ನಮ್ಮ ಮನೆಗೆ ಯಾರು ಬಂದರೂ ಬಾಲ ಅಲ್ಲಾಡಿಸಿ ಒಳಗೆ ಬಿಡುತ್ತಿತ್ತು. ಕಳ್ಳನಿಗೂ ದಾರಿ ತೋರಿಸುತ್ತಿತ್ತೋ ಏನೋ. ಆದರೆ ಹೊರಡುವಾಗ 'ಬರ್ತೇನೆ' ಎಂದು ಬಾಯಿಬಿಟ್ಟು ಹೇಳದಿದ್ದರೆ ಪಂಚೆಯ ಚುಂಗನ್ನೋ ಸೀರೆಯ ಸೆರಗನ್ನೋ ಹಲ್ಲಿನಲ್ಲಿ ಹಿಡಿದು ಕುಳಿತುಬಿಡುತ್ತಿತ್ತು. ಕಚ್ಚುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

ಇದೆಲ್ಲ ನನ್ನ ಹೆಂಡತಿ ಭಾಗೀರಥಿ ಕೊಟ್ಟ ಸಂಸ್ಕಾರ. ಮಕ್ಕಳಿಲ್ಲದ ಮನೆಗೆ ಮರಿಯನ್ನು ತಂದು 'ಮಾಣಿ' ಎಂದು ಹೆಸರಿಟ್ಟವಳೂ ಅವಳೇ. ನಮ್ಮ ಕಡೆ ಹುಡುಗರನ್ನೆಲ್ಲ ಮಾಣಿ ಎನ್ನುವುದರಿಂದ ಅವಳು ಬಾಗಿಲಲ್ಲಿ ನಿಂತು ಕೂಗಿದರೆ ಓಣಿಯ ನಾಲ್ಕು ಮನೆಯಿಂದ ಓಗೊಡುತ್ತಿದ್ದರು, ನಾಯಿ ಮಾತ್ರ ಬರುತ್ತಿರಲಿಲ್ಲ. ನೆಂಟರು ಬಂದರೆ ಅವಳು ಒಳಗೆ ಮಾತಾಡುತ್ತಿದ್ದದ್ದು ಅರ್ಧ ಗಂಟೆ, ಗೇಟಿನ ಬಳಿ ಬೀಳ್ಕೊಡುತ್ತಿದ್ದದ್ದು ಒಂದು ಗಂಟೆ. ಅವರು ನಮ್ಮ ಕಡೆಯ ಮಾತಿನಲ್ಲಿ 'ಬತ್ತೆ' ಎನ್ನಬೇಕು, ಇವಳು 'ಬನ್ನಿ' ಎನ್ನಬೇಕು, ಆಮೇಲೆ ಉಪ್ಪಿನಕಾಯಿಯ ಸುದ್ದಿ, ಮತ್ತೆ 'ಬತ್ತೆ', ಮತ್ತೆ 'ಬನ್ನಿ'. ಮಾಣಿ ಎರಡೂ ಕಡೆಯ ಮುಖ ನೋಡುತ್ತ ನಡುವೆ ಕುಳಿತಿರುತ್ತಿತ್ತು. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. 'ತಾವು ದಯಮಾಡಿ ಬರಬೇಕು' ಎಂದು ಸಾವಿರಾರು ಲಗ್ನಪತ್ರಿಕೆಗಳಿಗೆ ಜೋಡಿಸಿದ್ದೇನೆ. ಹೋಗುವುದು ಹೇಗೆ ಎಂದು ಯಾವ ಪತ್ರಿಕೆಯಲ್ಲೂ ಇರುವುದಿಲ್ಲ. ನಾನಾಗಿ ಅದನ್ನು ಕಲಿತವನೂ ಅಲ್ಲ. ಚಪ್ಪಲಿ ಮೆಟ್ಟಿ ಸುಮ್ಮನೆ ಹೊರಡುತ್ತಿದ್ದೆ, ಮಾಣಿ ಹಿಡಿಯುತ್ತಿತ್ತು, ಇವರು ಬರ್ತಾರಂತೆ ಎಂದು ಒಳಗಿನಿಂದ ಅವಳೇ ನನ್ನ ಪರವಾಗಿ ಹೇಳುತ್ತ 'ಬತ್ರಡ ಮಾಣಿ, ಬಿಡು' ಎಂದು ಕೂಗುತ್ತಿದ್ದಳು.

ಹಾಗೆ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅವಳು ಯಲ್ಲಾಪುರಕ್ಕೆ, ತಂಗಿಯ ಮನೆಗೆ ಹೊರಟಳು. ತುಳಸಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಮಾಣಿಯ ತಲೆ ಸವರಿ 'ಹೋಗ್ಬತ್ತೆ, ಮನೆ ಕಡೆ ನೋಡ್ಕ' ಎಂದಳು. ನನಗೂ ಹೇಳಿದಳು. ನಾನು ಪೇಪರಿನ ಹಿಂದಿನಿಂದ 'ಹೂಂ' ಎಂದೆ. ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ತಿರುಗಿ ಬಂದು, ಒಂದು ಲೋಟ ಮಜ್ಜಿಗೆ ಕುಡಿದು, ಎಲ್ಲರಿಗೂ ಮೊದಲಿನಿಂದ ಹೇಳಿ ಮುಂದಿನ ಬಸ್ಸಿಗೆ ಹೋದಳು.

ಮರುದಿನ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ತಂಗಿಯ ಮನೆಯಲ್ಲಿ ತಿಂಡಿ ತಿಂದು ಎದೆ ಹಿಡಿದುಕೊಂಡು ಕುಳಿತವಳು ಏಳಲಿಲ್ಲ. ನಾನು ಹೋಗಿ ಮುಟ್ಟಿದ ಮೇಲೆ ಅಲ್ಲಿಯೇ ಸಂಸ್ಕಾರ ಮುಗಿಸಿ, ಉಳಿದ ಕರ್ಮಕ್ಕೆಂದು ನನ್ನನ್ನು ಸಿದ್ದಾಪುರಕ್ಕೆ ಕರೆತಂದರು. ಜೊತೆಗೆ ನನ್ನ ಅಕ್ಕಯ್ಯ ಮತ್ತು ಭಾವ ಬಂದು ನಿಂತರು.

ತೊಡಕು ಶುರುವಾದದ್ದು ಆಮೇಲೆ. ಸಾವಿನ ಮನೆಗೆ ಮಾತಾಡಿಸಲು ಬಂದವರು ಹೊರಡುವಾಗ 'ಬರ್ತೇನೆ' ಎನ್ನಬಾರದು. ಮತ್ತೆ ಇಂಥದಕ್ಕೇ ಬರುವ ಹಾಗೆ ಆಗಬಾರದಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ಹೋಗಬೇಕು. ಈ ಶಾಸ್ತ್ರವನ್ನು ಮಾಣಿಗೆ ಹೇಳುವವರು ಯಾರು? ಅದರ ಕಣ್ಣಿಗೆ ಊರಿಗೆ ಊರೇ ಕದ್ದು ಪರಾರಿಯಾಗುವಂತೆ ಕಂಡಿತು. ಒಬ್ಬರನ್ನೂ ಬಿಡಲಿಲ್ಲ. ಬೆಳಿಗ್ಗೆ ಬಂದವರು ಮಧ್ಯಾಹ್ನವಾದರೂ ಜಗಲಿಯ ಮೇಲೇ ಇದ್ದರು. ಸೂತಕದ ಮನೆಯಲ್ಲಿ ಕಾಫಿಯನ್ನೂ ಕುಡಿಯುವಂತಿಲ್ಲ. ದುಃಖದ ಮಾತೆಲ್ಲ ಮುಗಿದು, ಅಡಿಕೆ ಧಾರಣೆಯೂ ಮುಗಿದು, ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರು. ಕಟ್ಟಿಹಾಕಿದರೆ ಮಾಣಿ ಊಳಿಡುತ್ತಿತ್ತು. ಸಾವಿನ ಮನೆಯಲ್ಲಿ ನಾಯಿ ಊಳಿಡುವುದು ಅದಕ್ಕಿಂತ ಕೇಡೆಂದು ಅಕ್ಕಯ್ಯನೇ ಹಗ್ಗ ಬಿಚ್ಚಿದಳು. ಹಿತ್ತಿಲ ಬಾಗಿಲಿನಿಂದ ಕಳಿಸಿ ನೋಡಿದರೆ ಅಲ್ಲಿಗೂ ಸುತ್ತಿ ಬಂತು.

ಭಾವ ಪೇಟೆಗೆ ಹೊರಟಾಗ ಅವನ ಪಂಚೆಯೇ ಪೂರ್ತಿ ಮಾಣಿಯ ಬಾಯಿಗೆ ಹೋಯಿತು. ಮೆಟ್ಟಿಲ ಮೇಲೆ ಪಟ್ಟೆ ಚಡ್ಡಿಯಲ್ಲಿ ನಿಂತು ಅವನು ನಾಯಿಯ ಬಗ್ಗೆ ತೀರ್ಪು ಕೊಟ್ಟ. "ನಾಳೆ ಬೆಳಗಪ್ಪಾಗ ಟೆಂಪೋಕ್ಕೆ ಹಾಕಿ ಅರಬೈಲು ಘಟ್ಟದಲ್ಲಿ ಬಿಟ್ಟಿಕ್ಕಿ ಬಪ್ಪದೇಯ." ಎಲ್ಲರೂ ತಲೆಯಾಡಿಸಿದರು. ಬೇಡ ಎನ್ನಬೇಕೆಂದು ನನ್ನ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅವಳು ಬಿಟ್ಟುಹೋದವುಗಳಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ.

ಅಷ್ಟರಲ್ಲಿ ಹೆಗಲ ಮೇಲೆ ಚೀಲ ಹೊತ್ತು ಒಬ್ಬ ಅಪರಿಚಿತ ನೇರವಾಗಿ ಜಗಲಿಗೇ ಬಂದ. ಹಾನಗಲ್ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿ ಮಾರಲು ಬಂದವನು, ಬಸಣ್ಣ ಎಂದು ಹೆಸರು. ಅಷ್ಟು ಜನ ಕುಳಿತದ್ದನ್ನು ನೋಡಿ ಒಳ್ಳೆಯ ವ್ಯಾಪಾರ ಎಂದುಕೊಂಡಿರಬೇಕು. ಅಕ್ಕಯ್ಯ ಬೇಡವೆಂದು ಕೈಯಾಡಿಸಿದಳು. ಅವನು ಬೇಸರವಿಲ್ಲದೆ ಚೀಲ ಎತ್ತಿದ. "ಆತ್ರಿ ಅಕ್ಕಾರ, ಬರ್ತೀನ್ರಿ. ಮುಂದಿನ ವಾರ ಮತ್ತ ಬರ್ತೀನಿ."

ಜಗಲಿಯವರೆಲ್ಲ ಮಾಣಿಯ ಕಡೆ ತಿರುಗಿದರು. ಮಾಣಿ ಎದ್ದು, ಮೈ ಕೊಡವಿ, ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಿತು.

ಭಾವನಿಗೆ ಒಮ್ಮೆಲೇ ಗುಟ್ಟು ಹೊಳೆಯಿತು. ಪಂಚೆ ಬಿಗಿದುಕೊಂಡು ಹೋಗಿ ನಾಯಿಯ ಕಿವಿಯಲ್ಲಿ 'ಆನು ಹೋಗ್ತೆ' ಎಂದು ಪಿಸುಗುಟ್ಟಿದ. ಮಾಣಿ ಚುಂಗನ್ನು ಹಿಡಿಯಿತು. 'ಬತ್ತೆ' ಎನ್ನಲು ಅವನಿಗೂ ಧೈರ್ಯವಿಲ್ಲ, ಅನ್ನಲು ಅಕ್ಕಯ್ಯ ಬಿಡುವವಳೂ ಅಲ್ಲ. ಗೇಟಿನವರೆಗೆ ಹೋಗಿದ್ದ ಬಸಣ್ಣ ಈ ಜಗ್ಗಾಟ ನೋಡಿ ತಿರುಗಿ ಬಂದ. ಸಾವಿನ ಮನೆಯೆಂದು ಆಗ ತಿಳಿದು ರುಮಾಲು ತೆಗೆದ. ಘಟ್ಟಕ್ಕೆ ಒಯ್ಯುವ ಮಾತನ್ನೂ ಕೇಳಿಸಿಕೊಂಡ. ಒಮ್ಮೆ ನಾಯಿಯನ್ನು, ಒಮ್ಮೆ ನನ್ನನ್ನು ನೋಡಿದ.

"ನಾಯಿ ತಪ್ಪೇನೂ ಮಾಡಿಲ್ರಿ ಯಜಮಾನ್ರ. ಹೇಳಿ ಹೋಗ್ರಿ ಅಂತೈತಿ, ಅಷ್ಟ. ನಾ ಹೊರಗಿನವ. ನಾ ಬರೂದು ಮೆಣಸಿನಕಾಯಿ ಹೊತ್ಕೊಂಡು, ಸಾವಿಗಲ್ಲ. ಎಲ್ಲಾರ ಪರವಾಗಿ ನಾನ ಹೇಳ್ತೀನಿ, ಯಾರಿಗೂ ದೋಷ ಇಲ್ಲ."

ಚೀಲವನ್ನು ಜಗಲಿಯಲ್ಲಿಟ್ಟು ಭಾವನ ಕೈಹಿಡಿದು ಗೇಟಿಗೆ ಕರೆದೊಯ್ದ. ಮದುಮಗಳನ್ನು ಕಳಿಸುವ ಹಾಗೆ ಕಾಣುತ್ತಿತ್ತು. 'ಇವ್ರು ಬರ್ತಾರಂತಪಾ, ನಾನೂ ಬರ್ತೀನಿ' ಎಂದ. ಮಾಣಿ ಭಾವನನ್ನು ಮೇಲಿನಿಂದ ಕೆಳಗೆ ನೋಡಿ, ಮನಸ್ಸಿಲ್ಲದಿದ್ದರೂ ಬಿಟ್ಟಿತು. ಆಮೇಲೆ ಒಬ್ಬೊಬ್ಬರಾಗಿ ಜಗಲಿ ಖಾಲಿಯಾಯಿತು. ತಾವು 'ಬರ್ತೇನೆ' ಎಂದಿಲ್ಲವೆಂದು ತೋರಿಸಲು ಮುದುಕರೊಬ್ಬರು ಬಾಯಿಯ ಮೇಲೆ ಕೈ ಇಟ್ಟುಕೊಂಡೇ ನಡೆದರು. ಅವಳು ಹೋದ ಮೇಲೆ ನಾನು ಮೊದಲ ಸಲ ನಕ್ಕೆ. ತಡೆದಷ್ಟೂ ಬಂತು. ಕಂಬದ ಹಿಂದೆ ಹೋಗಿ ನಿಂತರೆ ಅಲ್ಲಿ ಅಕ್ಕಯ್ಯ ಸೆರಗು ಬಾಯಿಗಿಟ್ಟು ನನಗಿಂತ ಮೊದಲೇ ನಗುತ್ತಿದ್ದಳು.

ಬಸಣ್ಣ ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದುಕೊಂಡಿದ್ದ. ಬೆಳಿಗ್ಗೆ ಓಣಿ ಸುತ್ತಿ ಮಾರಿ, ಮಧ್ಯಾಹ್ನವಾದೊಡನೆ ನಮ್ಮಲ್ಲಿಗೆ ಬರುತ್ತಿದ್ದ. ಸೂತಕ ಕಳೆಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಅಕ್ಕಯ್ಯ ಒಮ್ಮೆ ಎಂತಕ್ಕೆ ಇಷ್ಟು ಕಷ್ಟ ಎಂದು ಕೇಳಿದ್ದಕ್ಕೆ, 'ಕುಂದರಾಕ ನೆರಳೈತ್ರಿ' ಎಂದು ಮಾತು ಮುಗಿಸಿದ. ಒಂದೇ ತೊಂದರೆಯೆಂದರೆ ಅವನ ಚೀಲ. ಅದರ ಘಾಟಿಗೆ ಜಗಲಿಯಲ್ಲಿ ಕುಳಿತವರಿಗೆಲ್ಲ ಕಣ್ಣು ಮೂಗಿನಲ್ಲಿ ನೀರು. ಭಾಗೀರಥಿಯನ್ನು ನೋಡಿಯೇ ಇರದವರೂ ಬಿಕ್ಕಿದರು. ಇಷ್ಟು ಜನ ಮನಸಾರೆ ಅತ್ತ ಸಾವು ತಾಲೂಕಿನಲ್ಲೇ ಇಲ್ಲವೆಂದು ಪೇಟೆಯಲ್ಲಿ ಸುದ್ದಿಯಾಯಿತು. ಟೆಂಪೋದ ಮಾತನ್ನು ಭಾವ ಮತ್ತೆ ಎತ್ತಲಿಲ್ಲ. ಅವನಿಗೆ ಸೀನುವುದೇ ಸಾಕಾಗಿತ್ತು.

ಕೊನೆಯ ದಿನ ಬಸಣ್ಣ ನನ್ನ ಎದುರು ನಿಂತು 'ಬರ್ತೀನ್ರಿ ಯಜಮಾನ್ರ' ಎಂದ. ನಾನು 'ಹೂಂ' ಎಂದೆ. ಮಾಣಿ ಚುಂಗು ಹಿಡಿಯಿತು. ಅವನದಲ್ಲ, ನನ್ನದು. ನಾನು 'ಬನ್ನಿ' ಎಂದ ಮೇಲೆಯೇ ಬಿಟ್ಟಿತು.

ಈಗ ನಾನು ಹಾಲು ತರಲು ಹೋದರೂ ಮಾಣಿಗೆ ಹೇಳಿಯೇ ಹೋಗಬೇಕು. ಬರೀ ಹೇಳಿದರೆ ಅದಕ್ಕೆ ಸಾಲುವುದಿಲ್ಲ. ಎಲ್ಲಿಗೆ, ಎಷ್ಟು ಹೊತ್ತು, ಒಲೆ ಆರಿಸಿದ್ದೇನೋ ಇಲ್ಲವೋ ಎಂಬುದೆಲ್ಲ ಬೇಕು. ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಜೀವಮಾನದಲ್ಲಿ ಮಾತಾಡದವನು ನಾಯಿಯ ಹತ್ತಿರ ಇಷ್ಟು ಮಾತಾಡುತ್ತಾನಲ್ಲ ಎಂದು ಓಣಿಯವರು ನಗುತ್ತಾರೆ. ಬಸಣ್ಣ ಮರುವರ್ಷ ಮೆಣಸಿನಕಾಯಿ ಹೊತ್ತು ಬಂದ, ಅದರ ಮರುವರ್ಷವೂ ಬಂದ. ಭಾವನೂ ಹೊಸ ಪಂಚೆ ಉಟ್ಟು ಬರುತ್ತಾನೆ. ನಮ್ಮ ಗೇಟಿನಲ್ಲಿ ಬರ್ತೇನೆ ಎಂದು ಹೇಳಿ ಹೋದವರೆಲ್ಲ ಒಂದಲ್ಲ ಒಂದು ದಿನ ಬಂದಿದ್ದಾರೆ. ಭಾಗೀರಥಿ ಬಂದಿಲ್ಲ.