ಬಿಳಿಗುಂಡಿಹಾಳದ ರೈಲುಕಂಬಿ

ಪೇಪರಿನಲ್ಲಿ ಫೋಟೊ ಬಂದದ್ದೇ ಸೋಮಲಿಂಗನಿಗೆ ಮುಳುವಾಯಿತು.

ಫೋಟೊವೇನೋ ಚೆನ್ನಾಗಿಯೇ ಬಂದಿತ್ತು. ಪರ್ಕಳದ ವಾರಿಜಕ್ಕನ ವಠಾರದ ಅಂಗಳ, ಹಲಸಿನ ಮರ, ಅದರ ಕೊಂಬೆಗೆ ಸರಪಳಿಯಲ್ಲಿ ನೇತುಬಿದ್ದ ಮೊಳ ಉದ್ದದ ರೈಲುಕಂಬಿ, ಪಕ್ಕದಲ್ಲಿ ಸುತ್ತಿಗೆ ಹಿಡಿದು ಮದುಮಗನ ಹಾಗೆ ಬಿಗಿದುಕೊಂಡು ನಿಂತ ಸೋಮಲಿಂಗ. ಮೇಲೆ ದಪ್ಪ ಅಕ್ಷರದಲ್ಲಿ, 'ಮುಚ್ಚಿಹೋದ ರೈಲುದಾರಿಯ ಕೊನೆಯ ದನಿ ಪರ್ಕಳದಲ್ಲಿ!' ಮಣಿಪಾಲದಲ್ಲಿ ಓದುವ ಧೃತಿ ಎಂಬ ಹುಡುಗಿ ಹಿಂದಿನ ವಾರ ಬಂದು, ಅವನ ಬಾಯಿಂದ ಕತೆಯೆಲ್ಲ ಹೊರಡಿಸಿ ಬರೆದಿದ್ದಳು.

ಸೋಮಲಿಂಗ ಕಟ್ಟಡಗಳಲ್ಲಿ ಪಿಲ್ಲರಿಗೆ ಕಂಬಿ ಕಟ್ಟುವವನು. ಊರು ಘಟ್ಟದ ಮೇಲೆ, ದೂರದ ಬಿಳಿಗುಂಡಿಹಾಳ. ಒಂದು ಕಾಲದಲ್ಲಿ ಅಲ್ಲಿಗೆ ಸಣ್ಣ ಗೇಜಿನ ರೈಲು ಬರುತ್ತಿತ್ತು. ಎಮ್ಮೆ ಅಡ್ಡ ಬಂದರೆ ನಿಂತು, ಅದು ದಾರಿ ಬಿಟ್ಟ ಮೇಲೆ ಹೊರಡುವಷ್ಟು ಮರ್ಯಾದಸ್ಥ ರೈಲು. ಅವನ ಅಪ್ಪ ಯಮನೂರಪ್ಪ ಅಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಸ್ಟೇಷನ್ನಿನಲ್ಲಿ ಗಂಟೆಯ ಬದಲು ತೂಗುಹಾಕಿದ್ದ ಈ ಕಂಬಿಯ ತುಂಡನ್ನು ಬಾರಿಸುವವನೂ ಅವನೇ. ಆಮೇಲೆ ರೈಲು ನಿಂತಿತು. ಹಳಿ ಕಿತ್ತರು. ಪ್ಲಾಟ್‌ಫಾರ್ಮಿನ ಮೇಲೆ ಈಗ ಮೆಣಸಿನಕಾಯಿ ಒಣಗುತ್ತದೆ, ಟಿಕೆಟ್ ಕೊಡುವ ಕೋಣೆಯಲ್ಲಿ ಕುರಿ ಕಟ್ಟುತ್ತಾರೆ. ಯಮನೂರಪ್ಪ ಮಾತ್ರ ಈ ತುಂಡನ್ನು ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿಕೊಂಡು, ಬಾರದ ರೈಲಿಗೆ ಹೊತ್ತುಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಲೇ ಮುದುಕನಾದ. ಅವನು ತೀರಿಕೊಂಡ ಮೇಲೆ ಸೋಮಲಿಂಗ ಅದನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ತಂದಿದ್ದ. "ಮಗು ಭಾಳ ಶಾಣ್ಯಾ ಐತಿ, ಅಳೂದೇ ಇಲ್ಲ" ಎಂದು ಪಕ್ಕದ ಸೀಟಿನ ಅಜ್ಜಿ ಹೊಗಳಿದ್ದಳು.

ವಠಾರದಲ್ಲಿ ಅದಕ್ಕೊಂದು ಹೊಸ ಕೆಲಸ ಸಿಕ್ಕಿತು. ನಲ್ಲಿಯಲ್ಲಿ ನೀರು ಬಂದ ಕೂಡಲೇ ಸೋಮಲಿಂಗ ಢಣ್ ಢಣ್ ಎಂದು ಬಾರಿಸುತ್ತಿದ್ದ. ಎಲ್ಲರೂ ಕೊಡ ಹಿಡಿದು ಓಡಿ ಬರುತ್ತಿದ್ದರು.

ಆ ಬೆಳಿಗ್ಗೆ ಪೇಪರು ಮೊದಲು ಕೈಗೆ ಸಿಕ್ಕಿದ್ದು ಪಕ್ಕದ ಮನೆಯ ಕೂಸಪ್ಪಣ್ಣನಿಗೆ. ಮೀನಿನ ಬೋಟಿನಲ್ಲಿ ದುಡಿದು ಈಗ ಮನೆಯಲ್ಲಿ ಕುಳಿತವರು. ನೀರಿನ ಮೇಲಿದ್ದಷ್ಟು ಕಾಲ ಗಾಳಿಯ ವಿಷಯ ಮಾತಾಡುತ್ತಿದ್ದರು, ದಡಕ್ಕೆ ಬಂದ ಮೇಲೆ ಕಾನೂನಿನ ವಿಷಯ.

"ಫೋಟೊ ಒಳ್ಳೆಯದುಂಟು ಸೋಮಲಿಂಗ. ಆದರೆ ಒಂದು ಮಾತು. ಈ ಕಂಬಿ ಯಾರದ್ದು?"

"ನಮ್ಮಪ್ಪಂದ್ರಿ."

"ನಿನ್ನ ಅಪ್ಪ ರೈಲು ಓಡಿಸುವ ಕಂಪೆನಿ ಇಟ್ಟಿದ್ದನಾ?"

"ಏ, ಇಲ್ರಿ ಅಣ್ಣಾರ. ರೈಲು ಸರ್ಕಾರದ್ದು."

"ಹಾಗಾದರೆ ಕಂಬಿ?"

ಸೋಮಲಿಂಗ ತಿರುಗಿ ಕಂಬಿಯನ್ನು ನೋಡಿದ. ಹಳಿ ಕೀಳುವಾಗ ಅವನು ಗೋವಾದಲ್ಲಿ ಕೆಲಸಕ್ಕಿದ್ದ. ಆ ತುಂಡು ಅಪ್ಪನ ಕೈಗೆ ಹೇಗೆ ಬಂತೆಂದು ಅವನು ಕೇಳಿರಲೇ ಇಲ್ಲ.

"ಸರ್ಕಾರದ ಕಂಬಿ ಮನೆಯಲ್ಲಿ ಇಟ್ಟುಕೊಂಡದ್ದೇ ಒಂದು ತಪ್ಪು. ಅದರ ಪಕ್ಕ ನಿಂತು ನಗಾಡಿಕೊಂಡು ಫೋಟೊ ತೆಗೆಸಿದ್ದು ಇನ್ನೊಂದು. ಕಳ್ಳ ಮಾಲಿನ ಜೊತೆ ಫೋಟೊ ಕೊಟ್ಟ ಕಳ್ಳನನ್ನು ನಾನು ಇದೇ ಮೊದಲು ನೋಡುವುದು ಮಾರಾಯ!"

ಅಷ್ಟರಲ್ಲಿ ಸೋಮಲಿಂಗನ ಹೆಂಡತಿ ಹುಲಿಗೆವ್ವ ರಿಂಗಾಗುತ್ತಿದ್ದ ಫೋನು ಹಿಡಿದು ಬಂದಳು. ಸೋಮಲಿಂಗ ಕೈ ಚಾಚುವ ಮೊದಲೇ ಕೂಸಪ್ಪಣ್ಣ ಅದನ್ನು ಕಸಿದು ಸ್ಪೀಕರಿಗೆ ಹಾಕಿದರು. ವಾರಿಜಕ್ಕ, ಆಟೊದ ಕ್ಲಾರೆನ್ಸ್ ಎಲ್ಲ ಕಿವಿಗೊಟ್ಟು ನಿಂತರು. ಆಚೆಯ ದನಿ ಬಾವಿಯೊಳಗಿಂದ ಬಂದ ಹಾಗೆ ಹರಿದು ಹರಿದು ಬಂತು.

"ಸೋಮಲಿಂಗ ಏನ್ರಿ?... ಪೇಪರ್‌ನಾಗ ನೋಡಿದ್ವಿ... ರೈಲ್ವೆ ಪೊಲೀಸ್... ಮಂಗಳೂರಿಂದ ಜೀಪಿನಾಗ... ಸಂಜೀಕ ಬರ್ತೀವಿ... ಕಂಬಿ ಎಲ್ಲೂ ಸಾಗಸಬ್ಯಾಡ್ರಿ..."

ಕಟ್.

ಸೋಮಲಿಂಗ ತಿರುಗಿ ಫೋನು ಮಾಡಲು ಹೋದ. ಕೂಸಪ್ಪಣ್ಣ ಅವನ ಕೈ ಹಿಡಿದರು. "ಮಾಡಬೇಡ! ನೀನಾಗಿ ಫೋನು ಮಾಡಿದರೆ ತಪ್ಪು ಒಪ್ಪಿದ ಹಾಗೆ. ಆಮೇಲೆ ಕಂಬಿ ಎಣಿಸುವುದೇ ಕೆಲಸ."

"ಜೀಪು ನನ್ನ ಜಾಗಕ್ಕಾ?" ವಾರಿಜಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು. "ಮೊದಲು ಅದನ್ನು ಮರದಿಂದ ಇಳಿಸು ಸೋಮಲಿಂಗ. ನನ್ನ ಮರದ ಮೇಲೂ ಕೇಸು ಹಾಕಿಯಾರು."

ಹುಲಿಗೆವ್ವ ಮಾತ್ರ ಮರಕ್ಕೆ ಅಡ್ಡ ನಿಂತಳು. "ಮಾವನ ಉಸಿರು ಐತಿ ಅದರಾಗ. ಎಲ್ಲಿಗೆ ಒಯ್ತೀರಿ?"

"ಉಸಿರು ಆಮೇಲೆ ನೋಡುವ. ಈಗ ನಿನ್ನ ಗಂಡನನ್ನು ನೋಡು" ಎಂದರು ಕೂಸಪ್ಪಣ್ಣ.

ಕಂಬಿ ಮತ್ತೆ ಕೌದಿ ಸೇರಿತು. ಸೋಮಲಿಂಗ ಅದನ್ನು ತಬ್ಬಿಕೊಂಡು ಕ್ಲಾರೆನ್ಸನ ಆಟೊದಲ್ಲಿ ಕುಳಿತ, ಪಕ್ಕದಲ್ಲಿ ಸಲಹೆಗಾರರಾಗಿ ಕೂಸಪ್ಪಣ್ಣ. ಕಟಪಾಡಿಯ ಗುಜರಿ ಅಂಗಡಿಗೆ ಹಾಕಿಬಿಟ್ಟರೆ ಮುಗಿಯಿತು ಎಂದು ಕ್ಲಾರೆನ್ಸನ ಲೆಕ್ಕ. ದಾರಿಯುದ್ದಕ್ಕೂ ಹೊಂಡ. ಒಂದೊಂದು ಹೊಂಡಕ್ಕೂ ಕಂಬಿ ಆಟೊದ ತಗಡಿಗೆ ತಾಗಿ ಢಣ್ ಎನ್ನುತ್ತಿತ್ತು. ಸಿಗ್ನಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸನೊಬ್ಬ ತಿರುಗಿ ನೋಡಿದಾಗ ಸೋಮಲಿಂಗ ಹೆದರಿ ಕೌದಿಯನ್ನು ಜೋಗುಳ ಹಾಡುವವನಂತೆ ತಟ್ಟತೊಡಗಿದ.

ಗುಜರಿಯ ಕಜೆಟನ್ ಕೌದಿಯ ಒಂದು ಮೂಲೆ ಎತ್ತಿ ನೋಡಿದವನೇ ಹಾವು ಕಂಡವನಂತೆ ಹಿಂದೆ ಹಾರಿದ.

"ರೈಲಿನ ಕಂಬಿಯಾ! ಬೇರೆ ಎಂತ ಬೇಕಾದರೂ ತನ್ನಿ, ಇದೊಂದು ಬೇಡ. ಇದನ್ನು ಮುಟ್ಟಿದರೆ ನಿಮಗಿಂತ ಮೊದಲು ನಾನು ಒಳಗೆ." ಅಷ್ಟು ಹೇಳಿ ಅವನು ಸೋಮಲಿಂಗನ ಮುಖವನ್ನೇ ದಿಟ್ಟಿಸಿದ. ಕೈಯಲ್ಲಿ ಕಡಲೆ ಕಟ್ಟಿಕೊಟ್ಟ ಅಂದಿನ ಪೇಪರಿನ ಹಾಳೆಯಿತ್ತು. ಅದನ್ನು ಬಿಡಿಸಿ ನೋಡಿದ, ಮತ್ತೆ ಮುಖ ನೋಡಿದ. "ನೀವೇ ಅಲ್ವಾ ಇದು?"

ಕ್ಲಾರೆನ್ಸ್ ಆಟೊ ಸ್ಟಾರ್ಟ್ ಮಾಡಿದ.

"ಕ್ಲಾರೆನ್ಸ್, ಕಾರ್ಕಳದಲ್ಲಿ ನಿನ್ನ ಅತ್ತೆಯ ಮನೆ ಉಂಟಲ್ಲ, ಹಿತ್ತಲಲ್ಲಿ ಹೂತು ಹಾಕುವ" ಎಂದರು ಕೂಸಪ್ಪಣ್ಣ. ಕ್ಲಾರೆನ್ಸ್ ಹೆಂಡತಿ ಸೋನಿಯಾಗೆ ಫೋನು ಮಾಡಿದ. ಕೊಂಕಣಿಯಲ್ಲಿ ಅವಳು ಹೇಳಿದ್ದೇನೆಂದು ಸೋಮಲಿಂಗನಿಗೆ ತಿಳಿಯಲಿಲ್ಲ, ಆದರೆ ಕ್ಲಾರೆನ್ಸ್ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದ.

"ಹಾಗಾದರೆ ಕಾಪು" ಎಂದರು ಕೂಸಪ್ಪಣ್ಣ. "ನನ್ನ ತಂಗಿಯ ಮಗ ಲಕ್ಷಿತನ ದೋಣಿ ಉಂಟು. ಸಮುದ್ರಕ್ಕೆ ಹಾಕಿದ್ದನ್ನು ಯಾವ ಪೊಲೀಸೂ ಎತ್ತುವುದಿಲ್ಲ."

ಕಾಪುವಿನ ಕಡಲತೀರದಲ್ಲಿ ಲಕ್ಷಿತ್ ದೋಣಿ ನೀರಿಗಿಳಿಸಿ ಹೊರಡುವ ತಯಾರಿಯಲ್ಲಿದ್ದ. ವಿಷಯ ಕೇಳಿ ನಕ್ಕ. "ಇಷ್ಟೇ ಅಲ್ವಾ ಮಾಮ? ಕೊಡಿ" ಎಂದು ಕೌದಿ ಬಿಚ್ಚಿ, ಕಂಬಿಯನ್ನು ಎತ್ತಿ ದೋಣಿಯೊಳಗೆ ಇಳಿಸಿದ. ಇಳಿಸುವಾಗ ಅದು ಲಂಗರಿನ ಕಬ್ಬಿಣಕ್ಕೆ ತಾಗಿತು.

ಢಣ್!

ಸೋಮಲಿಂಗನ ಕಣ್ಣೆದುರು ಬೇವಿನ ಮರ ಬಂತು. ಅದರ ಕೆಳಗೆ ಖಾಕಿ ಅಂಗಿಯ ಅಪ್ಪ, ಹಣೆಗೆ ಕೈಯಡ್ಡ ಹಿಡಿದು, ಹಳಿಯಿಲ್ಲದ ಬಯಲಿನ ತುದಿಯನ್ನು ನೋಡುತ್ತ. ಎಲ್ಲರೂ ಹುಚ್ಚ ಅಂದರೂ ಅವನು ಒಂದು ಹೊತ್ತೂ ತಪ್ಪಿಸಿರಲಿಲ್ಲ.

"ಬ್ಯಾಡ್ರಿ!" ಎಂದು ಕೂಗಿದವನೇ ಸೋಮಲಿಂಗ ಮೊಣಕಾಲುಮಟ್ಟ ನೀರಿಗೆ ನುಗ್ಗಿ, ಕಂಬಿಯನ್ನು ಕಸಿದುಕೊಂಡು, ಎದೆಗೆ ಅವುಚಿ ಹಿಂದೆ ಓಡಿದ. ತೀರದಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದವರೆಲ್ಲ ಈಗ ಅವನ ಕಡೆ ಮೊಬೈಲ್ ತಿರುಗಿಸಿದರು. ದೂರದಲ್ಲಿ ಯಾರೋ ಸೀಟಿ ಊದಿದರು. ನೀರಿಗಿಳಿದ ಮಕ್ಕಳಿಗೆ ಊದಿದ್ದಿರಬಹುದು, ಆದರೆ ಅದನ್ನು ವಿಚಾರಿಸುವಷ್ಟು ಧೈರ್ಯ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಆಟೊದಲ್ಲಿ ಕೂಸಪ್ಪಣ್ಣ ಏದುಸಿರು ಬಿಡುತ್ತ ಬೈದರು. "ಬಿಸಾಡಲಿಕ್ಕೂ ಬಿಡುವುದಿಲ್ಲ, ಇಟ್ಟುಕೊಳ್ಳಲಿಕ್ಕೂ ಆಗುವುದಿಲ್ಲ. ನಿನಗೆ ಬೇಕಾದದ್ದಾದರೂ ಎಂತ ಮಾರಾಯ?"

"ಅದು ಇರಬೇಕ್ರಿ. ಆದರ ಯಾರಿಗೂ ಕಾಣಬಾರದು." ಹಾಗೆಂದ ಮರುಗಳಿಗೆಯೇ ಸೋಮಲಿಂಗನ ಕಣ್ಣು ಹೊಳೆಯಿತು. "ಕ್ಲಾರೆನ್ಸಣ್ಣ, ಮಣಿಪಾಲಕ್ಕ ಹೊಡೀರಿ. ನಮ್ಮ ಸೈಟಿಗೆ!"

ಮಣಿಪಾಲದ ಸೈಟಿನಲ್ಲಿ ಅಂದು ಪಿಲ್ಲರುಗಳಿಗೆ ಕಾಂಕ್ರೀಟು ತುಂಬುವ ದಿನ. ಮೂಲೆಯ ಪಿಲ್ಲರಿಗೆ ಸೋಮಲಿಂಗನೇ ಕಂಬಿ ಕಟ್ಟಿದ್ದ, ಕಾಂಕ್ರೀಟು ಹಿಡಿದಿಡುವ ಹಲಗೆಯ ಒಂದು ಬದಿ ಇನ್ನೂ ಮುಚ್ಚಿರಲಿಲ್ಲ. ಕಂಬಿಯ ನಡುವೆ ಕಂಬಿ ಯಾರಿಗೆ ಕಾಣುತ್ತದೆ? ಅವನು ಕುಕ್ಕರುಗಾಲಲ್ಲಿ ಕುಳಿತು, ಬೈಂಡಿಂಗ್ ವಯರಿನಿಂದ ಅಪ್ಪನ ಕಂಬಿಯನ್ನು ಒಳಗೆ ಬಿಗಿಯತೊಡಗಿದ.

"ಎಂತ ಸೋಮಲಿಂಗ, ಇಷ್ಟು ಹೊತ್ತಿಗೆ ಬಂದದ್ದಾ?" ಹಿಂದಿನಿಂದ ಇಂಜಿನಿಯರ್ ಪ್ರವೀಣ್ ದನಿ. ಅವರು ಟಾರ್ಚು ಹಿಡಿದು ಒಂದೊಂದೇ ಪಿಲ್ಲರಿನೊಳಗೆ ಇಣುಕುತ್ತ ಬರುತ್ತಿದ್ದರು.

ಸೋಮಲಿಂಗ ಎದ್ದು ಹಲಗೆಗೆ ಬೆನ್ನು ಕೊಟ್ಟು ನಿಂತ. "ಇದು... ಇದು ಗಟ್ಟಿ ಐತ್ರಿ ಸಾಹೇಬ್ರ. ಎಲ್ಲಾದಕ್ಕಿಂತ ಗಟ್ಟಿ."

ಪ್ರವೀಣ್ ಟಾರ್ಚು ಎತ್ತಿದರು. ಅದೇ ಹೊತ್ತಿಗೆ ಕಾಂಕ್ರೀಟಿನ ಲಾರಿ ಗೇಟಿನಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯಿತು. ಅವರು ಅತ್ತ ಓಡಿದರು. ಸೋಮಲಿಂಗ ಹಲಗೆ ಮುಚ್ಚಿ ಮೊಳೆ ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ಕಾಂಕ್ರೀಟು ಬಿತ್ತು. ಒಳಗಿನಿಂದ ಒಂದು ಮಂಕಾದ ದನಿ ಬಂದು ಅಡಗಿತು. ಸೋಮಲಿಂಗ ಯಾರಿಗೂ ಕಾಣದ ಹಾಗೆ ಒಂದು ಹಿಡಿ ಜಲ್ಲಿ ಹಾಕಿ ಕೈಮುಗಿದ.

ಪರ್ಕಳಕ್ಕೆ ಮರಳುವಾಗ ಬಿಸಿಲು ಇಳಿದಿತ್ತು. ಹಲಸಿನ ಮರದ ಕೆಳಗೆ ಜೀಪು ನಿಂತಿತ್ತು.

ವಾರಿಜಕ್ಕನ ಕುರ್ಚಿಗಳಲ್ಲಿ ಇಬ್ಬರು ಚಹಾ ಕುಡಿಯುತ್ತಿದ್ದರು. ಒಬ್ಬರು ಬಿಳಿ ಅಂಗಿ, ಗಾಂಧಿ ಟೊಪ್ಪಿಗೆಯ ಮುದುಕರು. ಇನ್ನೊಬ್ಬಳು ಚೂಡಿದಾರದ ಹೆಂಗಸು. ಯೂನಿಫಾರ್ಮು ಇಲ್ಲದಿದ್ದರೂ ಇದ್ದ ಹಾಗೆಯೇ ನೆಟ್ಟಗೆ ಕುಳಿತಿದ್ದಳು. ಹುಲಿಗೆವ್ವ ಬಾಗಿಲಲ್ಲಿ ನಿಂತು ಗಂಡನಿಗೆ ಏನೋ ಸನ್ನೆ ಮಾಡುತ್ತಿದ್ದಳು. ಓಡಿಹೋಗು ಎನ್ನುತ್ತಿದ್ದಾಳೆಂದೇ ಅವನು ತಿಳಿದ.

ಆಟೊದಿಂದ ಇಳಿಯುವ ಮೊದಲು ಕೂಸಪ್ಪಣ್ಣ ಅವನ ಕಿವಿಗೆ ಬಾಯಿಟ್ಟರು. "ಒಂದೇ ಮಾತು ನೆನಪಿಟ್ಟುಕೋ. ಅದು ಆ ಲೈನಿನದ್ದೇ ಅಲ್ಲ ಅಂತ ಹೇಳು. ಆ ಲೈನಿನದ್ದಲ್ಲ ಅಂದ ಮೇಲೆ ಕೇಸೇ ಇಲ್ಲ."

ಮುದುಕರು ಎದ್ದು, ಎರಡೂ ಕೈ ಚಾಚಿ, "ಸೋಮಲಿಂಗ..." ಎನ್ನುವಷ್ಟರಲ್ಲಿ ಇವನು ಅವರ ಕಾಲಿಗೆ ಬಿದ್ದ.

"ಅದು ಬಿಳಿಗುಂಡಿಹಾಳದ್ದಲ್ರಿ! ಆ ಲೈನಿಂದ ಅಲ್ಲವೇ ಅಲ್ಲ! ಪೇಪರ್‌ನಾಗ ಬಂದದ್ದೆಲ್ಲ ಸುಳ್ಳರಿ!"

ಮುದುಕರ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. "ಅಲ್ಲಾ? ಮತ್ತ ಎಲ್ಲೀದು?"

ಈ ಪ್ರಶ್ನೆಗೆ ಕೂಸಪ್ಪಣ್ಣ ಉತ್ತರ ಹೇಳಿಕೊಟ್ಟಿರಲಿಲ್ಲ. ಸೋಮಲಿಂಗ ಅವರ ಕಡೆ ನೋಡಿದ. ಅವರು ಹಲಸಿನ ಮರದಲ್ಲಿ ಕಾಯಿ ಎಷ್ಟುಂಟು ಎಂದು ನೋಡುತ್ತಿದ್ದರು.

"ಇಲ್ಲೇ... ಉಡುಪಿ ಸ್ಟೇಷನ್ ಕಡೆ... ಹಳಿ ಬಾಜೂಕ ಬಿದ್ದಿತ್ರಿ. ಎತ್ತಿಕೊಂಡು ಬಂದೆ."

ಮುದುಕರು ನಿಧಾನಕ್ಕೆ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲಿದ್ದ ಶಾಲನ್ನು ಮಡಿಸತೊಡಗಿದರು.

"ನಾ ರೇವಪ್ಪ. ಬಿಳಿಗುಂಡಿಹಾಳದ ಮುಂದಿನ ಸ್ಟೇಷನ್ನಿನ್ಯಾಗ ಟಿಕೆಟ್ ಕೊಡತಿದ್ದೆ. ಹಳಿ ಕಿತ್ತ ದಿನ ಯಮನೂರಪ್ಪ ಮಗೂನಂಗ ಅತ್ತಿದ್ದ. ಹರಾಜು ಹಿಡಿದ ಕಂಟ್ರಾಕ್ಟರ್ ಮರುಗಿ, ಆ ಗಂಟಿ ಕಂಬಿ ನಮ್ಮೆಲ್ಲರ ಮುಂದ ಅವನ ಕೈಯಾಗ ಇಟ್ಟ. ನೀನ ಅವನ ಮಗ ಅಂದುಕೊಂಡು ಬಂದೆ. ಆ ಲೈನಿನ ಹಳೇ ಮಂದಿ ಎಲ್ಲ ಬರೂ ತಿಂಗಳು ಅಲ್ಲೇ ಪ್ಲಾಟ್‌ಫಾರ್ಮಿನ ಮ್ಯಾಲೆ ಕೂಡತೀವಿ. ನಿನ್ನ ಕೈಲೇ ಒಮ್ಮೆ ಆ ಗಂಟಿ ಹೊಡಸಬೇಕಂತ ಆಸೆ ಇತ್ತು. ಮಗಳು ರೈಲ್ವೆ ಪೊಲೀಸ್‌ನಾಗ ಅದಾಳ, ಆಕಿನೇ ನನ್ನ ಜೀಪಿನಾಗ ಕರಕೊಂಡು ಬರತಾಳ ಅಂತ ಫೋನಿನ್ಯಾಗ ಹೇಳಿದ್ನಲ್ಲ."

ಸೋಮಲಿಂಗನ ಎದೆಯ ಮೇಲಿನ ಬಂಡೆ ಉರುಳಿತು. ಕಣ್ಣಲ್ಲಿ ನೀರು ಬಂತು. "ಅಜ್ಜಾ, ಅದು ಅದೇ ಕಂಬಿ! ನಾನ ಯಮನೂರಪ್ಪನ ಮಗ! ಹೆದರಿ ಸುಳ್ಳ ಹೇಳಿದೆ!"

ಮಗಳು ಚಹಾದ ಲೋಟ ಕೆಳಗಿಟ್ಟಳು. "ಅಪ್ಪಾ, ನೀ ಸುಮ್ಮನಿರು." ಅವಳು ಎದ್ದು ಸೋಮಲಿಂಗನ ಎದುರು ನಿಂತಳು. "ನಾನು ಅಶ್ವಿನಿ, ರೈಲ್ವೆ ಪೊಲೀಸ್. ಮುಚ್ಚಿದ ಲೈನಿನ ತುಂಡು ನಿಮ್ಮಪ್ಪಗ ಕೊಟ್ಟದ್ದಾಗಿದ್ದರ ಅದು ಕಳವಲ್ಲ. ಆದರ ಉಡುಪಿ ಲೈನಿನ್ಯಾಗ ದಿನಾ ರೈಲು ಓಡತಾವು. ಅಲ್ಲಿಂದ ಎತ್ತಿಕೊಂಡು ಬಂದೆ ಅಂತ ಈಗ ನೀನ ಇಷ್ಟು ಮಂದಿ ಮುಂದ ಒಪ್ಪಿಕೊಂಡಿ."

"ಇಲ್ರೀ ಅಕ್ಕಾರ! ಅದು ನಮ್ಮಪ್ಪಂದು!"

"ಅಪ್ಪನ ಮಾತು ಕೇಳಿದ ಮ್ಯಾಲೆ ನೆನಪಾತೇನು? ನನ್ನ ಮುಂದ ರೈಲು ಬಿಡಬ್ಯಾಡ."

"ಬೇಕಾದರ ಕೂಸಪ್ಪಣ್ಣಾರನ್ನ ಕೇಳ್ರಿ!" ಸೋಮಲಿಂಗ ತಿರುಗಿ ನೋಡಿದ. ಕೂಸಪ್ಪಣ್ಣ ಕಂಬಿ ಕಿತ್ತಾಗಿತ್ತು. ಅವರ ಮನೆಯ ಬಾಗಿಲಿನ ಚಿಲಕ ಒಳಗಿನಿಂದ ಬಿದ್ದ ಸದ್ದಷ್ಟೇ ಕೇಳಿಸಿತು. ಕ್ಲಾರೆನ್ಸನ ಆಟೊ ಗೇಟು ದಾಟುತ್ತಿತ್ತು.

"ಸಾಕ್ಷಿ ಯಾಕ ಬೇಕು?" ಎಂದಳು ಅಶ್ವಿನಿ. "ಸಣ್ಣ ಗೇಜಿನ ಕಂಬಿ ತೆಳ್ಳಗ ಇರತೈತಿ, ಇಲ್ಲೀದು ದಪ್ಪ. ನಮ್ಮಪ್ಪ ನೋಡಿದ ಕೂಡಲೇ ಗುರುತಿಸ್ತಾನ. ಅದನ್ನ ತಂದು ತೋರಿಸು, ನಾನ ಕೈಮುಗಿದು ಹೋಗತೀನಿ. ಎಲ್ಲೈತಿ?"

ಸೋಮಲಿಂಗ ಮಣಿಪಾಲದ ದಿಕ್ಕಿಗೆ ನೋಡಿದ.

"ಐತ್ರಿ. ಗಟ್ಟಿಯಾಗೇ ಐತಿ. ಆದರ ಅಕ್ಕಾರ, ನಾಳೆ ಮುಂಜಾನೆಯಿಂದ ಅದರ ಮ್ಯಾಲೆ ಮಾಳಿಗಿ ಏಳತೈತಿ."