ಫ್ಲೋರ್ ಮಿಲ್ ಮಾವನ ಫುಟ್‌ಬಾಲು

ನಂಜನಗೂಡಿನಲ್ಲಿ ಫುಟ್‌ಬಾಲನ್ನು ಹುಟ್ಟಿಸಿದವರು ನನ್ನ ಸೋದರಮಾವ. ಅದು ಬೆಳೆಯದಂತೆ ನೋಡಿಕೊಂಡವರೂ ಅವರೇ! ಹೀಗೆಂದರೆ ಅತ್ತೆಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ನಾನು ಅವರ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವನು. ನನಗಿಂತ ದೊಡ್ಡ ಸಾಕ್ಷಿ ಬೇಕೆ?

ಮಾವನದು ಫ್ಲೋರ್ ಮಿಲ್ಲು. ತೊಂಬತ್ತರ ದಶಕದ ಮೊದಲಲ್ಲಿ ಯಾರದೋ ಮನೆಯ ಟೀವಿಯಲ್ಲಿ ಒಂದು ಮ್ಯಾಚ್ ನೋಡಿದರು. ಅವರಿಗೆ ಹಿಡಿಸಿದ್ದು ಆಟಗಾರರಲ್ಲ. ಗೆರೆಯಾಚೆ ಕೋಟು ತೊಟ್ಟು ಕೈಬೀಸಿ ಕೂಗುತ್ತಿದ್ದ ಮ್ಯಾನೇಜರ್! ಮರುವಾರವೇ ಮದುವೆಯ ಕೋಟು ಟ್ರಂಕಿನಿಂದ ಹೊರಬಂತು, ಕ್ಲಬ್ಬೂ ಹುಟ್ಟಿತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿ ಬರುತ್ತಿದ್ದ ನಾವು ಹನ್ನೊಂದು ಮಂದಿಯೇ ಟೀಮು. ಮೇಲೆ ಕೋಟು ತೊಟ್ಟು, ಕೆಳಗೆ ಪಂಚೆ ಉಟ್ಟ ನಮ್ಮ ಮ್ಯಾನೇಜರು ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ!

ಮೈದಾನಕ್ಕೆ ಗೆರೆ ಎಳೆಯಲು ಸುಣ್ಣ ಯಾಕೆ, ಮಿಲ್ಲಿನಲ್ಲಿ ಚೆಲ್ಲಿದ ಅಕ್ಕಿಹಿಟ್ಟು ಇದೆಯಲ್ಲ ಎಂದರು. ಎಳೆದೂ ಎಳೆದರು. ಮ್ಯಾಚ್ ಶುರುವಾಗುವ ಹೊತ್ತಿಗೆ ಮೇಕೆಗಳು ಒಂದು ಕಡೆಯ ಪೆನಾಲ್ಟಿ ಬಾಕ್ಸನ್ನು ಪೂರಾ ನೆಕ್ಕಿ ಮುಗಿಸಿದ್ದವು.

"ಬಾಕ್ಸ್ ಎಲ್ರೀ?" ರೆಫರಿ ಗದರಿದರು.

"ಮೇಕೆ ತಿಂದ್ಬುಡ್ತು ಸಾ. ಆ ಕಡೆದು ಅಂಗೇ ಅದೆ, ಬೇಕಾದ್ರೆ ಬಂದ್ ನೋಡಿ!" ಎಂದರು ಮಾವ.

ಆಫ್‌ಸೈಡ್ ಎಂಬ ನಿಯಮವಂತೂ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ನಮ್ ಹುಡ್ಗ ಮುಂದಕ್ಕೋದ್ರೆ ತಪ್ಪಾ ಸಾ? ಹಿಂದೆ ನಿಂತವ್ರಲ್ಲ, ಅವ್ರನ್ನ ಬಯ್ರಿ!" ಎಂದು ಜಗಳಕ್ಕೇ ಹೋಗುತ್ತಿದ್ದರು.

ಒಂದು ಭಾನುವಾರ ಟಿ. ನರಸೀಪುರದಲ್ಲಿ ಮ್ಯಾಚ್. ನಮ್ಮಲ್ಲೊಬ್ಬ ಹೆಣ್ಣು ನೋಡಲು ಹೋಗಿದ್ದರಿಂದ ಹತ್ತೇ ಜನ ಉಳಿದೆವು. ಮಾವ ಧೃತಿಗೆಡಲಿಲ್ಲ. ರಸ್ತೆಗೆ ಹೋಗಿ, ಬನ್ನೂರು ಬಸ್ಸಿಗೆ ಕಾಯುತ್ತಿದ್ದ ಗಟ್ಟಿಮುಟ್ಟಾದ ಆಸಾಮಿಯೊಬ್ಬನನ್ನು ಕೈಹಿಡಿದು ಕರೆತಂದರು. ಅವನು ಲುಂಗಿ ಎತ್ತಿಕಟ್ಟಿ, ಹತ್ತೇ ನಿಮಿಷದಲ್ಲಿ ಎರಡು ಗೋಲು ಹೊಡೆದ! ನಾವು ಕುಣಿದಾಡುತ್ತಿದ್ದಾಗ ರಸ್ತೆಯಲ್ಲಿ ಹಾರನ್ ಕೇಳಿತು.

"ಬಸ್ ಬಂತು, ಬತ್ತೀನಿ ಸಾ!" ಎಂದವನೇ ಓಟ ಕಿತ್ತ.

"ಲೇ, ಹಾಫ್‌ಟೈಮ್ ಗಂಟಾದ್ರೂ ಇರ್ಲಾ!" ಎಂದು ಮಾವ ಕೋಟು ಹಾರಿಸಿಕೊಂಡು ಬಸ್ಸಿನ ಹಿಂದೆಯೇ ಓಡಿದರು. ಏನು ಪ್ರಯೋಜನ? ಆಮೇಲೆ ನನ್ನ ಅಕ್ಕಪಕ್ಕ, ಕಾಲಸಂದಿಯಲ್ಲೆಲ್ಲ ಒಂಬತ್ತು ಗೋಲು ನುಗ್ಗಿದವು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಟೀಮು ತಿರುಗಿಬಿತ್ತು. "ಗೋಲಿಗೆ ಬೇರೆಯವ್ರನ್ನ ನಿಲ್ಸಿ. ಇಲ್ದಿದ್ರೆ ನಾವ್ ಆಡಾಕಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನು ಕಿಟಕಿಯಾಚೆ ಮುಖ ತಿರುಗಿಸಿದೆ.

ಮಾವ ಎದ್ದು ನಿಂತರು. "ಗೋಲಲ್ಲಿ ಅವ್ನೇ ನಿಲ್ಲೋದು. ಯಾರ್ನಾದ್ರೂ ತೆಗೀಲೇಬೇಕು ಅಂದ್ರೆ ನನ್ನ ತೆಗೀರಿ."

ಬೇಡ ಎಂದಾರೆಂದು ಅವರು ಕಾದಿದ್ದರೇನೋ. ಹುಡುಗರು ಒಪ್ಪಿಯೇಬಿಟ್ಟರು! ನಂಜನಗೂಡು ತಲುಪುವಷ್ಟರಲ್ಲಿ ಮಾವನ ಮ್ಯಾನೇಜರಿಕೆ ಮುಗಿದಿತ್ತು.

ಕ್ಲಬ್ಬು ಮತ್ತೆ ಮೂರು ವರ್ಷ ನಡೆಯಿತು. ಮಾವ ಒಂದು ಮ್ಯಾಚನ್ನೂ ತಪ್ಪಿಸಲಿಲ್ಲ. ಹೊಸ ಮ್ಯಾನೇಜರಿನ ಹತ್ತಿರಕ್ಕೂ ಸುಳಿಯದೆ, ನನ್ನ ಗೋಲುಕಂಬಗಳ ಹಿಂದೆ ಒಬ್ಬರೇ ನಿಲ್ಲುತ್ತಿದ್ದರು. ಚೆಂಡು ನನ್ನನ್ನು ದಾಟಿಹೋದಾಗ, ಉಳಿದವರು ನನ್ನನ್ನು ಬೈಯುವುದರೊಳಗೆ ಓಡಿಹೋಗಿ ಎತ್ತಿಕೊಂಡು ಬಂದು, ಪಂಚೆಯಲ್ಲಿ ಮಣ್ಣು ಒರೆಸಿ ನನ್ನ ಕೈಗೆ ಕೊಡುತ್ತಿದ್ದರು.

"ಓಯ್ತು ಬುಡು ಕಣ್ಲಾ. ಮುಂದಿಂದು ಹಿಡಿ."